ಕಳೆ ತುಂಬಿದ ನೀರಿಗೆ ಜೋರು ಸೋನಾರ್ ಬೇಡ

ಮಾನ್ಯ ಸಂಪಾದಕರೇ,

ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು ಗಾಳ ಹಾಕುವವರಿಗಾಗಿ ಮಾರುವ ಸೋನಾರ್ ಫ್ಲ್ಯಾಶರ್‌ಗಳ (ಶಬ್ದ ಕಳಿಸಿ ನೀರೊಳಗಿನ ಮೀನನ್ನು ಡಯಲ್ ಮೇಲೆ ಬೆಳಕಿನ ಗೆರೆಯಾಗಿ ತೋರಿಸುವ ಯಂತ್ರಗಳ) ಬಗ್ಗೆ ಮಾತು ಬಂದರೆ ಸಾಮಾನ್ಯವಾಗಿ ಎರಡೇ ಸಂಖ್ಯೆ ಮುಂದಾಗುತ್ತವೆ: ಎಷ್ಟು ಆಳ ನೋಡಬಲ್ಲದು, ಎಷ್ಟು ವ್ಯಾಟ್ ಶಕ್ತಿ. ನೂರು ಅಡಿ ಆಳದ ಸರೋವರದಲ್ಲಿ ಟ್ರೌಟ್ ಹುಡುಕುವವರಿಗೆ ಅವೆರಡೂ ಬೇಕು. ಐದಾರು ಅಡಿ ನೀರಿನಲ್ಲಿ, ಕಳೆಯ ಸಂದಿಯಲ್ಲಿ ನಿಂತ ಬ್ಲೂಗಿಲ್, ಪರ್ಚ್, ಪೈಕ್ ಮೀನು ಹುಡುಕುವವರಿಗೆ ಅದೇ ಸಂಖ್ಯೆಗಳು ದಾರಿ ತಪ್ಪಿಸುತ್ತವೆ. ಇಲ್ಲಿ ಕೇಳಬೇಕಾದದ್ದು ಬೇರೆ: ಈ ಯಂತ್ರ ಎಷ್ಟು ಮೆಲ್ಲಗೆ ಕೂಗಬಲ್ಲದು?

ಏಕೆ ಎಂಬುದನ್ನು ತಿಳಿಯಲು ಫ್ಲ್ಯಾಶರ್ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡಬೇಕು. ತೂತಿನಲ್ಲಿ ಇಳಿಬಿಟ್ಟ ಟ್ರಾನ್ಸ್‌ಡ್ಯೂಸರ್ ಒಂದು ಚಿಕ್ಕ ಶಬ್ದದ ತುಣುಕನ್ನು ಕೆಳಕ್ಕೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಗೆ ಕಿವಿಗೊಡುತ್ತದೆ. ಪ್ರತಿಧ್ವನಿ ಬಂದ ಆಳದ ಗುರುತಿನ ಬಳಿ ಡಯಲ್‌ನಲ್ಲಿ ಬಣ್ಣದ ಗೆರೆ ಮಿನುಗುತ್ತದೆ, ಬಲವಾದದ್ದು ಕೆಂಪು. ಹೆಪ್ಪುಗಟ್ಟುವ ಮಟ್ಟಕ್ಕೆ ತಣ್ಣಗಾದ ಸಿಹಿನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,400 ಮೀಟರ್. ಆರು ಅಡಿ ಕೆಳಗಿನ ತಳ ಮುಟ್ಟಿ ಹಿಂತಿರುಗಲು ಅದಕ್ಕೆ 2.6 ಮಿಲಿಸೆಕೆಂಡ್ ಸಾಕು. ಹೋದದ್ದು ಹೋದ ಹಾಗೆಯೇ ಬಲವಾಗಿ ವಾಪಸು ಬರುತ್ತದೆ, ಏಕೆಂದರೆ ದಾರಿಯಲ್ಲಿ ಸೊರಗಲು ಅದಕ್ಕೆ ದೂರವೇ ಇಲ್ಲ. ಮೇಲೆ ಮಂಜುಗಡ್ಡೆಯ ಅಡಿ, ಕೆಳಗೆ ತಳ, ಈ ಎರಡರ ನಡುವೆ ಶಬ್ದ ಚೆಂಡಿನಂತೆ ಪುಟಿಯುತ್ತದೆ. ಆರು ಅಡಿಯಲ್ಲಿರುವ ತಳ ಹನ್ನೆರಡು ಅಡಿಯಲ್ಲೂ ಇನ್ನೊಮ್ಮೆ ಮಿನುಗುವುದು ಇದರಿಂದಲೇ. ಆ ಎರಡನೇ ತಳ ಕಂಡರೆ ಗೇನ್, ಅಂದರೆ ಮರಳಿ ಬಂದ ಪ್ರತಿಧ್ವನಿಯನ್ನು ಹಿಗ್ಗಿಸುವ ಮಟ್ಟ, ಹೆಚ್ಚಾಗಿದೆ ಎಂದು ತಿಳಿಯಬೇಕು. ತಳ ಗಟ್ಟಿ ಮರಳಿನದ್ದಾದರೆ ಇನ್ನೂ ಬೇಗ ಕಾಣುತ್ತದೆ, ಕೆಸರಾದರೆ ತಡವಾಗಿ.

ಇದರ ಜೊತೆಗೆ ಕಳೆ. ನೀರೊಳಗೆ ಬೆಳೆಯುವ ಗಿಡಗಳ ಕಾಂಡದಲ್ಲಿ ಗಾಳಿಯ ಗೂಡುಗಳಿರುತ್ತವೆ, ಎಲೆಗಳ ಮೇಲೆ ಆಮ್ಲಜನಕದ ಗುಳ್ಳೆಗಳು ಕೂತಿರುತ್ತವೆ. ಸೋನಾರ್‌ಗೆ ಗಾಳಿಯಷ್ಟು ಚೆನ್ನಾಗಿ ಕಾಣುವ ವಸ್ತು ಮತ್ತೊಂದಿಲ್ಲ. ಮೀನು ಕಾಣಿಸುವುದೂ ಬಹುಮಟ್ಟಿಗೆ ಅದರ ಹೊಟ್ಟೆಯೊಳಗಿನ ಗಾಳಿಚೀಲದಿಂದಲೇ. ಹಾಗಾಗಿ ಕಳೆಯೂ ಮೀನೂ ಯಂತ್ರದ ಪಾಲಿಗೆ ಒಂದೇ ಜಾತಿ. ಜೋರಾಗಿ ಕೂಗುವ ಯಂತ್ರಕ್ಕೆ ಎಲ್ಲವೂ ಕೆಂಪಾಗಿ ಕಾಣುತ್ತದೆ, ಡಯಲ್ ತುಂಬ ಬೆಳಕು, ಮೀನು ಮಾತ್ರ ಎಲ್ಲಿದೆಯೋ ಗೊತ್ತಾಗುವುದಿಲ್ಲ.

ಆದ್ದರಿಂದ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಲೋ ಪವರ್ ಸೌಲಭ್ಯ. ಇದಕ್ಕೂ ಗೇನ್ ಗುಂಡಿಗೂ ವ್ಯತ್ಯಾಸವಿದೆ. ಗೇನ್ ತಗ್ಗಿಸಿದರೆ ಯಂತ್ರ ಕಿವಿ ಸ್ವಲ್ಪ ಮುಚ್ಚಿಕೊಳ್ಳುತ್ತದೆ, ಕೂಗು ಅಷ್ಟೇ ಇರುತ್ತದೆ. ಲೋ ಪವರ್‌ನಲ್ಲಿ ಕೂಗೇ ತಗ್ಗುತ್ತದೆ. ಮೂರು ನಾಲ್ಕು ಅಡಿ ನೀರಿನಲ್ಲಿ ಕೆಲವು ಯಂತ್ರಗಳ ಗೇನನ್ನು ಸೊನ್ನೆಗೆ ತಿರುಗಿಸಿದರೂ ಡಯಲ್ ತುಂಬಿಕೊಂಡೇ ಇರುತ್ತದೆ, ಆಗ ತಿರುಗಿಸಲು ಗುಂಡಿ ಉಳಿದಿರುವುದಿಲ್ಲ. ವೆಕ್ಸಿಲಾರ್ ಕಂಪನಿಯ ಎಫ್‌ಎಲ್-20ರಲ್ಲಿ ಈ ಲೋ ಪವರ್ ಇದೆ. ಅದೇ ಕಂಪನಿಯ ಹಳೆಯ ಎಫ್‌ಎಲ್-8, ಎಫ್‌ಎಲ್-18 ಇರುವವರು ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಅವುಗಳ ಟ್ರಾನ್ಸ್‌ಡ್ಯೂಸರ್‌ಗೂ ಪೆಟ್ಟಿಗೆಗೂ ನಡುವೆ ಸಿಕ್ಕಿಸುವ ಎಸ್-ಕೇಬಲ್ ಎಂಬ ಚಿಕ್ಕ ತುಂಡು ವೈರ್ ಸಿಗುತ್ತದೆ. ಸಿಗ್ನಲ್‌ನ ಬಲ ಕುಗ್ಗಿಸುವುದಷ್ಟೇ ಅದರ ಕೆಲಸ. ಆಳವಿಲ್ಲದ ನೀರಿಗೆ ಇಷ್ಟು ಸುಲಭದ ಮದ್ದು ಬೇರೆ ಇಲ್ಲ. ಆಳಕ್ಕೆ ಹೋದಾಗ ತೆಗೆದಿಡಲು ಮರೆಯಬಾರದು, ಮರೆತರೆ ಚಿಕ್ಕ ಗಾಳ ಕಾಣದೆ ಯಂತ್ರ ಕೆಟ್ಟಿದೆ ಎಂದುಕೊಳ್ಳುತ್ತೇವೆ.

ಎರಡನೆಯದು ಕೋನ್, ಅಂದರೆ ಶಬ್ದ ಹರಡುವ ಕೋನ. ಇದರ ಬಗ್ಗೆ ಒಂದು ಅರ್ಧಸತ್ಯ ಹೆಚ್ಚು ಓಡಾಡುತ್ತಿದೆ, ಈ ಪತ್ರ ಬರೆಯಲು ಮುಖ್ಯ ಕಾರಣವೂ ಅದೇ. ಕಳೆ ಇದ್ದರೆ ಕಿರಿದಾದ ಕೋನ್ ತೆಗೆದುಕೊಳ್ಳಿ ಎಂದು ಕಣ್ಣುಮುಚ್ಚಿ ಹೇಳಿಬಿಡುತ್ತಾರೆ. ಲೆಕ್ಕ ಹಾಕಿ ನೋಡೋಣ. 20 ಡಿಗ್ರಿ ಕೋನ್ ತಳದಲ್ಲಿ ಆವರಿಸುವ ವೃತ್ತದ ಅಡ್ಡಗಲ ಆಳದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, 12 ಡಿಗ್ರಿಯದ್ದು ಐದನೇ ಒಂದು ಭಾಗ, 9 ಡಿಗ್ರಿಯದ್ದು ಆರನೇ ಒಂದು ಭಾಗಕ್ಕೆ ಹತ್ತಿರ. ಹತ್ತು ಅಡಿ ನೀರಿನಲ್ಲಿ 20 ಡಿಗ್ರಿ ಮೂರೂವರೆ ಅಡಿ ನೋಡಿದರೆ 9 ಡಿಗ್ರಿ ನೋಡುವುದು ಸುಮಾರು 19 ಅಂಗುಲ. ಅಷ್ಟು ಕಡಿಮೆ ಕಳೆ ಕಣ್ಣಿಗೆ ಬೀಳುತ್ತದೆ. ಎಂಟು, ಹತ್ತು, ಹನ್ನೆರಡು ಅಡಿಯ ಕಳೆಯಂಚಿನಲ್ಲಿ ಕಿರಿದಾದ ಕೋನೇ ಸರಿ, ಸಂಶಯವಿಲ್ಲ.

ಈಗ ನಾಲ್ಕು ಅಡಿಗೆ ಬನ್ನಿ. ಎಂಟು ಅಂಗುಲದ ತೂತಿನಲ್ಲಿ ಟ್ರಾನ್ಸ್‌ಡ್ಯೂಸರ್ ಒಂದು ಪಕ್ಕ, ಗಾಳದ ದಾರ ಇನ್ನೊಂದು ಪಕ್ಕ. ಎರಡರ ನಡುವೆ ಸುಮಾರು 3 ಅಂಗುಲ ಅಂತರ ಇಟ್ಟುಕೊಳ್ಳಿ. ದಾರ ನೇರ ಕೆಳಗಿಳಿಯುತ್ತದೆ, ಕೋನ್ ನಿಧಾನವಾಗಿ ಅಗಲವಾಗುತ್ತ ಹೋಗಿ ಒಂದು ಕಡೆ ಅದನ್ನು ಮುಟ್ಟುತ್ತದೆ. 20 ಡಿಗ್ರಿ ಕೋನ್ 17 ಅಂಗುಲ ಕೆಳಗೆ ಮುಟ್ಟುತ್ತದೆ. 12 ಡಿಗ್ರಿಯದ್ದು ಸುಮಾರು 28 ಅಂಗುಲಕ್ಕೆ. 9 ಡಿಗ್ರಿಯದ್ದು 38 ಅಂಗುಲಕ್ಕೆ. ನಾಲ್ಕು ಅಡಿ ಎಂದರೆ ಒಟ್ಟು 48 ಅಂಗುಲ. ಅಂದರೆ ಕಿರಿದಾದ ಕೋನ್‌ನಲ್ಲಿ ಕೊನೆಯ ಹತ್ತು ಅಂಗುಲ ಬಿಟ್ಟರೆ ಉಳಿದೆಡೆ ನಿಮ್ಮ ಗಾಳವೇ ನಿಮಗೆ ಸರಿಯಾಗಿ ಕಾಣುವುದಿಲ್ಲ! ಮೀನು ಕಳೆಯ ತಲೆಯ ಮೇಲೆ, ಎರಡು ಅಡಿಯಲ್ಲಿ ತೇಲುತ್ತಿದ್ದರೆ ಗಾಳ ಅದರ ಮುಂದಿದೆಯೋ ಹಿಂದಿದೆಯೋ ತಿಳಿಯದು. ಕೋನ್‌ನ ಅಂಚು ಗೋಡೆಯಲ್ಲ ಎಂಬುದು ನಿಜ. ಡಬ್ಬದ ಮೇಲೆ ಬರೆದ ಕೋನ ಸಾಮಾನ್ಯವಾಗಿ ಶಬ್ದದ ಬಲ ಅರ್ಧಕ್ಕೆ ಇಳಿಯುವ ಗೆರೆಯನ್ನು ಹೇಳುತ್ತದೆ, ಅದರಾಚೆಗೂ ಸ್ವಲ್ಪ ಕೇಳಿಸುತ್ತದೆ. ಗೇನ್ ಏರಿಸಿದರೆ ಆ ಆಚೆಗಿನದ್ದೂ ಕಾಣತೊಡಗುತ್ತದೆ. ಆದರೆ ಗಾಳವನ್ನು ಕಾಣಲು ಗೇನ್ ಏರಿಸಿದ ಕೂಡಲೇ ಸುತ್ತಲಿನ ಕಳೆಯೂ ಒಳಗೆ ಬಂದುಬಿಡುತ್ತದೆ. ಯಾವುದರಿಂದ ತಪ್ಪಿಸಿಕೊಳ್ಳಲು ಕಿರಿದಾದ ಕೋನ್ ಕೊಂಡೆವೋ ಅದೇ ವಾಪಸು.

ಹಾಗಾಗಿ ಐದು ಅಡಿಗಿಂತ ಕಡಿಮೆ ನೀರಿಗೆ ನಮ್ಮ ಶಿಫಾರಸು ಲೋ ಪವರ್‌ನಲ್ಲಿಟ್ಟ ಅಗಲ ಕೋನ್, ಇಲ್ಲವೇ 12 ಡಿಗ್ರಿಯ ನಡುಮಟ್ಟದ್ದು. ಆರೇಳು ಅಡಿಯಿಂದ ಮುಂದಕ್ಕೆ 8 ಅಥವಾ 9 ಡಿಗ್ರಿ. ಎರಡೂ ಕಡೆ ಓಡಾಡುವವರು ಎರಡು ಕೋನ್ ಇರುವ ಯಂತ್ರ ನೋಡಲಿ. ಹಮ್ಮಿನ್‌ಬರ್ಡ್ ಕಂಪನಿಯ ಐಸ್-55ರಲ್ಲಿ 240 ಕಿಲೋಹರ್ಟ್ಸ್‌ಗೆ 19 ಡಿಗ್ರಿ, 455 ಕಿಲೋಹರ್ಟ್ಸ್‌ಗೆ 9 ಡಿಗ್ರಿ ಇದ್ದು, ಗುಂಡಿ ಒತ್ತಿ ಬದಲಿಸಬಹುದು. ಟ್ರಾನ್ಸ್‌ಡ್ಯೂಸರ್ ಮಾತ್ರ ಬದಲಿಸಿ ಕೋನ್ ಬದಲಿಸುವ ಯಂತ್ರಗಳೂ ಇವೆ. ಅವುಗಳಲ್ಲಿ ಹೊಸ ಟ್ರಾನ್ಸ್‌ಡ್ಯೂಸರ್‌ನ ಪಿನ್ ಮತ್ತು ಫ್ರೀಕ್ವೆನ್ಸಿ ಹಳೆಯ ಪೆಟ್ಟಿಗೆಗೆ ಹೊಂದುವುದೇ ಎಂದು ಕೇಳಿಯೇ ಕೊಳ್ಳಬೇಕು. ಪಿನ್ ಹೊಂದಿತೆಂದು ಫ್ರೀಕ್ವೆನ್ಸಿಯೂ ಹೊಂದಬೇಕೆಂದಿಲ್ಲ.

ಅಗಲ ಕೋನ್‌ಗೆ ಇನ್ನೊಂದು ದೋಷವಿದೆ, ಹೇಳದೆ ಬಿಡಬಾರದು. ಅದರ ಅಂಚಿನ ಕಿರಣ ತಳ ಮುಟ್ಟುವ ದಾರಿ ನಡುವಿನ ಕಿರಣದ್ದಕ್ಕಿಂತ ಉದ್ದ. ಎಂಟು ಅಡಿಯ ಸಮತಟ್ಟಾದ ತಳದಲ್ಲಿ 20 ಡಿಗ್ರಿಗೆ ಈ ವ್ಯತ್ಯಾಸ ಒಂದೂವರೆ ಅಂಗುಲ, 9 ಡಿಗ್ರಿಗೆ ಅಂಗುಲದ ಮೂರನೇ ಒಂದು ಭಾಗವೂ ಇಲ್ಲ. ತಳ ಇಳಿಜಾರಾಗಿದ್ದರೆ ಇದು ಹಲವು ಪಟ್ಟಾಗುತ್ತದೆ. ತಳಕ್ಕೆ ಹೊಟ್ಟೆಯಾನಿಸಿ ನಿಂತ ಪರ್ಚ್ ಆ ಮಸುಕಿನೊಳಗೇ ಅಡಗಿಬಿಡುತ್ತದೆ.

ಮೂರನೆಯದು ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ತೋರಿಸುವ ಶಕ್ತಿ, ಟಾರ್ಗೆಟ್ ಸೆಪರೇಶನ್ ಅನ್ನುತ್ತಾರಲ್ಲ, ಅದು. ಇದನ್ನು ತೀರ್ಮಾನಿಸುವುದು ಶಬ್ದದ ತುಣುಕಿನ ಉದ್ದ. ತುಣುಕು 100 ಮೈಕ್ರೋಸೆಕೆಂಡ್ ಇದ್ದರೆ 7 ಸೆಂಟಿಮೀಟರ್‌ಗಿಂತ ಹತ್ತಿರ ಇರುವ ಎರಡು ವಸ್ತು ಒಂದೇ ಗೆರೆಯಾಗಿ ಕಾಣುತ್ತವೆ. 50 ಇದ್ದರೆ ಮೂರೂವರೆ ಸೆಂಟಿಮೀಟರ್. ಕಳೆಯ ಎಲೆಯಿಂದ ಮೂರು ಬೆರಳು ದೂರದಲ್ಲಿ ನಿಂತ ಬ್ಲೂಗಿಲ್ ಅನ್ನು ಎಲೆಯಿಂದ ಬಿಡಿಸಿ ನೋಡಬೇಕಾದರೆ ಇದೇ ಸಂಖ್ಯೆ ಬೇಕು, ಆದರೆ ಇದನ್ನು ಹುಡುಕಿ ತೆಗೆಯಬೇಕಾಗುತ್ತದೆ. ಇದ್ದರೂ ಯಾವ ಆಳದ ವ್ಯಾಪ್ತಿಯಲ್ಲಿ ಅಳೆದದ್ದು ಎಂದು ಕೇಳಿ, ವ್ಯಾಪ್ತಿ ಹೆಚ್ಚಿಸಿದಂತೆ ತುಣುಕು ಉದ್ದವಾಗುವ ಯಂತ್ರಗಳಿವೆ.

ಜೂಮ್ ಇಲ್ಲಿ ಆಡಂಬರವಲ್ಲ. ಕನಿಷ್ಠ ವ್ಯಾಪ್ತಿ 20 ಅಡಿ ಇರುವ ಡಯಲ್‌ನಲ್ಲಿ ಆರು ಅಡಿ ನೀರು ಹಿಡಿಯುವುದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಜಾಗ, ಉಳಿದದ್ದೆಲ್ಲ ವ್ಯರ್ಥ. ಅದೂ ಸೊನ್ನೆಯ ಬಳಿಯ ಮೊದಲ ತುಂಡನ್ನು ಟ್ರಾನ್ಸ್‌ಡ್ಯೂಸರ್‌ನ ಸ್ವಂತ ಕಂಪನ ತಿಂದುಹಾಕಿರುತ್ತದೆ. ಗಂಟೆ ಬಾರಿಸಿದ ಮೇಲೂ ಅದು ಗುಂಯ್ ಅನ್ನುತ್ತಿರುವ ಹಾಗೆ, ಕೂಗಿದ ಮೇಲೆ ಅದು ಸುಮ್ಮನಾಗಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಬಂದ ಪ್ರತಿಧ್ವನಿ ಕೇಳುವುದಿಲ್ಲ. ಗೇನ್ ಏರಿಸಿದಷ್ಟೂ ಆ ಕುರುಡು ಪಟ್ಟಿ ದಪ್ಪವಾಗುತ್ತದೆ. ತಳದಿಂದ ಮೇಲಿನ 6 ಅಡಿಯನ್ನು ಡಯಲ್‌ನ ಅರ್ಧಕ್ಕೆ ಹಿಗ್ಗಿಸಿ ತೋರಿಸುವ ಎಫ್‌ಎಲ್-18ರಂಥ ಯಂತ್ರದಲ್ಲಿ ಇಡೀ ನೀರೇ ಜೂಮ್‌ನೊಳಗೆ ಬಂದಂತಾಗುತ್ತದೆ. 10 ಅಡಿಯ ವ್ಯಾಪ್ತಿಯೇ ಇರುವ ಯಂತ್ರ ಸಿಕ್ಕರೆ ಇನ್ನೂ ಒಳ್ಳೆಯದು.

ಸರಿಯಾದ ಯಂತ್ರ ಕೊಂಡರೂ ತೂತಿನ ಬಳಿ ತಪ್ಪು ನಡೆಯುತ್ತದೆ. ಟ್ರಾನ್ಸ್‌ಡ್ಯೂಸರ್‌ನ ಮುಖ ಮಂಜುಗಡ್ಡೆಯ ಅಡಿಗಿಂತ ಒಂದಂಗುಲ ಕೆಳಗಿರಬೇಕು. ತೂತಿನೊಳಗೇ ನಿಂತರೆ ಸುತ್ತಲಿನ ಗೋಡೆಯ ಪ್ರತಿಧ್ವನಿ ಮೇಲಿನ ಒಂದೆರಡು ಅಡಿಯನ್ನು ಮುಚ್ಚಿಹಾಕುತ್ತದೆ. ತೀರಾ ಕೆಳಗಿಳಿಸಿದರೆ, ಮೊದಲೇ ಕಡಿಮೆ ಇರುವ ನೀರು ಇನ್ನೂ ಕಡಿಮೆಯಾಯಿತು. ಮುಖ ಮಟ್ಟಸವಾಗಿರಬೇಕು. ಮುಖಕ್ಕೆ ಅಂಟಿದ ಗುಳ್ಳೆಯನ್ನು ಬೆರಳಿನಿಂದ ಒರೆಸಬೇಕು, ತೂತಿನ ಹಿಮದ ಕೆಸರನ್ನು ಜರಡಿಯಿಂದ ಪೂರ್ತಿ ಎತ್ತಬೇಕು. ಆ ಕೆಸರಿನಲ್ಲಿ ಗಾಳಿಯೇ ತುಂಬಿರುತ್ತದೆ.

ಗೇನ್ ಹೊಂದಿಸುವ ಕ್ರಮ ಹೀಗೆ. ಸೊನ್ನೆಯಿಂದ ಆರಂಭಿಸಿ, ತಳ ಒಂದೇ ಗಟ್ಟಿ ಗೆರೆಯಾಗುವವರೆಗೆ ಮಾತ್ರ ಏರಿಸಿ. ಗಾಳ ಇಳಿಸಿ ತಳದಿಂದ ಒಂದಡಿ ಮೇಲೆ ನಿಲ್ಲಿಸಿ. ಅದು ಅತ್ಯಂತ ತೆಳು ಹಸಿರು ಗೆರೆಯಾಗಿ ಕಂಡ ಕ್ಷಣ ಕೈ ತೆಗೆಯಿರಿ. ಮೂರು ಬಣ್ಣದ ಫ್ಲ್ಯಾಶರ್‌ನಲ್ಲಿ ಹಸಿರು ದುರ್ಬಲ, ಕಿತ್ತಳೆ ನಡುಮಟ್ಟ, ಕೆಂಪು ಬಲವಾದ ಪ್ರತಿಧ್ವನಿ. ನಿಮ್ಮ ಗಾಳ ಹಸಿರಾಗಿದ್ದರೆ ಬರುವ ಮೀನು ಕಿತ್ತಳೆಯಾಗಿ, ಕೆಂಪಾಗಿ ಎದ್ದು ಕಾಣುತ್ತದೆ. ಗಾಳವೇ ಕೆಂಪಾಗಿದ್ದರೆ ಮೀನಿಗೆ ಬಣ್ಣ ಉಳಿದಿಲ್ಲ. ಮುಂದಿನ ತೂತಿಗೆ ಹೋದಾಗ ಇದೆಲ್ಲ ಮತ್ತೆ ಮೊದಲಿನಿಂದ, ಏಕೆಂದರೆ ಮೂರು ಅಡಿ ಪಕ್ಕಕ್ಕೆ ಸರಿದರೆ ಕಳೆಯ ಎತ್ತರವೇ ಬೇರೆ.

ಇನ್ನು ಓದುವ ಬಗೆ. ಕಳೆ ಅಲುಗದೆ ಒಂದೇ ಕಡೆ ಮಿನುಗುತ್ತದೆ. ಗಾಳವನ್ನು ಆರು ಅಂಗುಲ ಎತ್ತಿ ಇಳಿಸಿದರೆ ಅದರ ಗೆರೆ ಮಾತ್ರ ಕೈಯ ಜೊತೆಗೆ ಓಡಾಡುತ್ತದೆ. ಮೀನು ಇವೆರಡಕ್ಕೂ ಸೇರದ ಮೂರನೆಯದು: ಅಂಚಿನಿಂದ ಬಂದಾಗ ತೆಳು ಹಸಿರು, ಕೋನ್‌ನ ನಡುವಿಗೆ ಬಂದಂತೆ ದಪ್ಪ ಕೆಂಪು, ಹೋಗುವಾಗ ಮತ್ತೆ ಹಸಿರು. ಕಳೆಯ ಬೆಳಕುಗಳ ನಡುವೆ ಒಂದು ಗೆರೆ ಇದ್ದಕ್ಕಿದ್ದಂತೆ ದಪ್ಪವಾದರೆ ಗಾಳವನ್ನು ಅಲ್ಲೇ ನಡುಗಿಸಿ. ಡಯಲ್‌ನಲ್ಲಿ ತಳದವರೆಗೂ ಕಳೆಯೇ ತುಂಬಿದ್ದರೆ ಗುಂಡಿ ತಿರುಗಿಸುತ್ತ ಕೂರುವುದಕ್ಕಿಂತ ಎರಡಡಿ ಆಚೆ ಹೊಸ ತೂತು ಕೊರೆಯುವುದು ಮೇಲು. ಕಳೆಯ ನಡುವಿನ ಬಯಲು ಕಿಂಡಿಗಳಲ್ಲೇ ಗಾಳ ಕೆಲಸ ಮಾಡುವುದು. ಮಂಜುಗಡ್ಡೆ ತಿಳಿಯಾಗಿ ಗುಳ್ಳೆಯಿಲ್ಲದಿದ್ದರೆ ಹಿಮ ಸರಿಸಿ, ಸ್ವಲ್ಪ ನೀರು ಸುರಿದು, ಟ್ರಾನ್ಸ್‌ಡ್ಯೂಸರ್‌ನ ಮುಖವನ್ನು ಅದರ ಮೇಲೆ ಒತ್ತಿದರೆ ಕೊರೆಯದೆಯೇ ತಳವೂ ಕಳೆಯ ಎತ್ತರವೂ ಗೊತ್ತಾಗುತ್ತದೆ. ಬಿಳಿ ಮಂಜುಗಡ್ಡೆಯಲ್ಲಿ ಇದು ನಡೆಯದು. ಕೊರೆಯುವ ತೂತುಗಳನ್ನೆಲ್ಲ ಮೊದಲೇ ಕೊರೆದಿಡಿ, ಆಳವಿಲ್ಲದ ನೀರಿನ ಮೀನು ಸದ್ದಿಗೆ ಬೇಗ ಚದುರುತ್ತದೆ.

ಗಾಳಕ್ಕೆ ಸಿಕ್ಕಿ ಬಂದ ಕಳೆಯನ್ನು ಎಸೆಯುವ ಮೊದಲು ನೋಡಿ. ಹಸಿರಾಗಿ, ಮುರಿದರೆ ಚಟಕ್ಕೆಂದರೆ ಅದು ಬದುಕಿದೆ, ಬೆಳಕಿರುವಷ್ಟು ಹೊತ್ತು ಆಮ್ಲಜನಕ ಕೊಡುತ್ತಿದೆ, ಸುತ್ತ ಮೀನಿರಬಹುದು. ಕಂದಾಗಿ ಕೊಳೆತಿದ್ದರೆ ಅದೇ ಆಮ್ಲಜನಕ ತಿನ್ನುತ್ತಿರುತ್ತದೆ, ಯಾವ ಯಂತ್ರವೂ ಅಲ್ಲಿ ಮೀನು ಹುಟ್ಟಿಸುವುದಿಲ್ಲ. ಮಂಜುಗಡ್ಡೆಯ ಮೇಲೆ ಹಿಮ ದಪ್ಪವಾಗಿ ಕೂತು ಬೆಳಕು ನಿಂತ ಮೇಲೆ ಕಳೆಯ ಜಾಗ ಖಾಲಿಯಾಗುತ್ತ ಹೋಗುತ್ತದೆ. ಜೊಂಡಿನ ಬುಡದಲ್ಲೂ, ಕೊಳೆಯುವ ಕಳೆಯಿಂದ ಗುಳ್ಳೆ ಏಳುವಲ್ಲೂ ಮಂಜುಗಡ್ಡೆ ಬೇರೆಡೆಗಿಂತ ತೆಳುವಾಗಿರುತ್ತದೆ. ನಡೆದು ಹೋಗಲು ಕನಿಷ್ಠ 4 ಅಂಗುಲದ ತಿಳಿ ಗಟ್ಟಿ ಮಂಜುಗಡ್ಡೆ ಬೇಕು ಎಂಬ ಅಳತೆಯನ್ನು ಕಳೆಯ ಜಾಗದಲ್ಲಿ ಹೆಜ್ಜೆಹೆಜ್ಜೆಗೂ ಹಾರೆಯಿಂದ ಕುಟ್ಟಿ ನೋಡಿಕೊಳ್ಳಬೇಕು.

ಪಕ್ಕದ ತೂತಿನಲ್ಲಿ ಅದೇ ಫ್ರೀಕ್ವೆನ್ಸಿಯ ಇನ್ನೊಂದು ಯಂತ್ರವಿದ್ದರೆ ಡಯಲ್ ಮೇಲೆ ಗೆರೆಗಳು ಸುತ್ತತೊಡಗುತ್ತವೆ. ಅದಕ್ಕೆಂದೇ ಅಡಚಣೆ ತಡೆಯುವ ಗುಂಡಿ ಇರುತ್ತದೆ, ಬೇಕಾದಷ್ಟೇ ಒತ್ತಿ. ಬ್ಯಾಟರಿ ವಿಷಯದಲ್ಲಿ ಹೇಳುವುದು ಕಡಿಮೆ: 12 ವೋಲ್ಟ್, 7ರಿಂದ 9 ಆಂಪಿಯರ್-ಅವರ್ ಲೆಡ್ ಆ್ಯಸಿಡ್ ಆದರೆ ಚಳಿಯಲ್ಲಿ ಅದರ ಶಕ್ತಿ ಗಣನೀಯವಾಗಿ ಕುಗ್ಗುತ್ತದೆ, ಮನೆಗೆ ಬಂದ ದಿನವೇ ಚಾರ್ಜ್ ಮಾಡಿ. ಲಿಥಿಯಂ ಐರನ್ ಫಾಸ್ಫೇಟ್ ಹಗುರ, ಆದರೆ ಸೊನ್ನೆ ಡಿಗ್ರಿಗಿಂತ ಕೆಳಗಿರುವಾಗ ಚಾರ್ಜ್‌ಗೆ ಹಾಕಿದರೆ ಒಳಗಿಂದ ಹಾಳಾಗುತ್ತದೆ.

ಕೊಳ್ಳುವ ಮೊದಲು, ಅದರಲ್ಲೂ ಹಳೆಯ ಯಂತ್ರವಾದರೆ, ನಾಲ್ಕೈದು ಅಡಿ ಆಳದ ಯಾವುದೇ ನೀರಿನಲ್ಲಿ ಪರೀಕ್ಷಿಸಬಹುದು. ಬಕೆಟ್ ಸಾಲದು, ಅಲ್ಲಿ ಎಲ್ಲ ಯಂತ್ರವೂ ಗಲಿಬಿಲಿಗೊಳ್ಳುತ್ತದೆ. ಲೋ ಪವರ್‌ಗೆ ಹಾಕಿ ಗೇನ್ ಸೊನ್ನೆಗೆ ಇಳಿಸಿ: ಡಯಲ್ ಹೆಚ್ಚುಕಡಿಮೆ ಖಾಲಿಯಾಗಬೇಕು. ಆಗಲಿಲ್ಲವಾದರೆ ಕಳೆಯ ನೀರಿಗೆ ಅದು ಬೇಡ. ಒಂದೇ ದಾರಕ್ಕೆ 3 ಅಂಗುಲ ಅಂತರದಲ್ಲಿ ಎರಡು ಚಿಕ್ಕ ಜಿಗ್ (ಭಾರ ಅಂಟಿಸಿದ ಕೊಕ್ಕೆ) ಕಟ್ಟಿ ಇಳಿಸಿ: ಎರಡು ಗೆರೆ ಕಾಣಬೇಕು. ನಿಧಾನವಾಗಿ ಮೇಲೆತ್ತುತ್ತ ಹೋಗಿ, ಯಾವ ಆಳದಲ್ಲಿ ಗೆರೆಗಳು ಮೇಲಿನ ಕುರುಡು ಪಟ್ಟಿಯಲ್ಲಿ ಮುಳುಗುತ್ತವೆ ಎಂದು ದಾರದ ಮೇಲೆ ಗುರುತು ಮಾಡಿ. ವೈರ್ ಟ್ರಾನ್ಸ್‌ಡ್ಯೂಸರ್ ಸೇರುವಲ್ಲಿ ಬಗ್ಗಿಸಿ ನೋಡಿ, ಬೆಳಕು ಕಂತಿದರೆ ಒಳಗೆ ತಂತಿ ಹರಿದಿದೆ. ಡಯಲ್ ತಿರುಗಿಸುವ ಮೋಟಾರ್ ಏರಿಳಿಯದೆ ಒಂದೇ ಸದ್ದು ಮಾಡಬೇಕು.

ಮುಂದಕ್ಕೆ ನೋಡುವ ಲೈವ್ ಸೋನಾರ್‌ಗಳು ಈ ಕೆಲಸಕ್ಕೆ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕಳೆಯ ತಲೆಯ ಮೇಲಿನ ಮೀನನ್ನು ದೂರದಿಂದ ತೋರಿಸುವುದರಲ್ಲಿ ಅವು ಮುಂದು, ಕಳೆಯ ಒಳಗೆ ಅವಕ್ಕೂ ಕಣ್ಣು ಮಸುಕು, ವಿದ್ಯುತ್ತಿನ ಹಸಿವೂ ಜಾಸ್ತಿ. ನೀರು ತಿಳಿಯಾಗಿದ್ದು ಮೂರಡಿಗಿಂತ ಕಡಿಮೆ ಇದ್ದರೆ ಸೋನಾರ್ ಬಿಟ್ಟು ನೀರೊಳಗಿನ ಕ್ಯಾಮೆರಾ ತೆಗೆದುಕೊಳ್ಳಿ, ಅಥವಾ ಕತ್ತಲೆ ಡೇರೆಯೊಳಗೆ ಕೂತು ತೂತಿನಲ್ಲಿ ಇಣುಕಿ.

ತಯಾರಕರಲ್ಲಿ ನಮ್ಮ ಕೋರಿಕೆ ಇಷ್ಟೇ. ಗರಿಷ್ಠ ಆಳದ ಪಕ್ಕದಲ್ಲೇ ಓದಬಲ್ಲ ಕನಿಷ್ಠ ಆಳವನ್ನೂ ಅಚ್ಚು ಹಾಕಲಿ. ಗರಿಷ್ಠ ವ್ಯಾಟ್ ಪಕ್ಕದಲ್ಲಿ ಕನಿಷ್ಠ ವ್ಯಾಟ್, ಪ್ರತಿ ಫ್ರೀಕ್ವೆನ್ಸಿಗೂ ಕೋನ್ ಎಷ್ಟು ಡಿಗ್ರಿ, ಟಾರ್ಗೆಟ್ ಸೆಪರೇಶನ್ ಯಾವ ವ್ಯಾಪ್ತಿಯಲ್ಲಿ ಅಳೆದದ್ದು, ಇವು ಡಬ್ಬದ ಮೇಲೆ ಇರಲಿ. ಅಲ್ಲಿಯವರೆಗೆ ಕೊಳ್ಳುವವರು ಈ ನಾಲ್ಕನ್ನು ಅಂಗಡಿಯವರ ಬಾಯಿಂದ ಕೇಳಿ ಬಿಲ್ಲಿನ ಹಿಂದೆ ಬರೆಸಿಕೊಳ್ಳಲಿ.

ಇಂತಿ,
ಹಿಮಗಟ್ಟಿದ ನೀರಿನಲ್ಲಿ ಗಾಳ ಹಾಕುವ ನಿಮ್ಮ ಓದುಗರು